ಗಾಡಿಯ ಕಪ್ಪು ಪ್ಲಾಸ್ಟಿಕ್ ಮೇಲೆ ಗೀರು ಬಿದ್ದರೆ ಏನು ಮಾಡಬೇಕು?

ಬಂಪರಿನ ಕೆಳಭಾಗ, ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ಪಟ್ಟಿ, ಸೈಡ್ ಮಿರರ್ ಬುಡ, ವೈಪರ್ ಕೂರುವ ಜಾಗ. ಈಗಿನ ಎಷ್ಟೋ ಗಾಡಿಗಳಲ್ಲಿ ಇಲ್ಲೆಲ್ಲ ಪೇಂಟ್ ಇಲ್ಲದ ಕಪ್ಪು ಪ್ಲಾಸ್ಟಿಕ್ ಇರುತ್ತದೆ. ಗೋಡೆ, ಗೇಟು, ಕಲ್ಲು, ಪಕ್ಕದ ಗಾಡಿ, ಏನೇ ತಾಗಿದರೂ ಮೊದಲು ಪೆಟ್ಟು ತಿನ್ನುವುದು ಇದೇ. ತಾಗಿದ ಕಡೆ ಬಿಳಿ ಗೆರೆ ಬೀಳುತ್ತದೆ. ಕಪ್ಪಿನ ಮೇಲೆ ಬಿಳಿ ಅಂದರೆ ದೂರದಿಂದಲೇ ಎದ್ದು ಕಾಣುತ್ತದೆ, ಅಲ್ವಾ?

ಆಗ ಹೆಚ್ಚಿನವರು ಮನೆಯಲ್ಲಿ ಸಿಕ್ಕಿದ್ದನ್ನು ತಂದು ಉಜ್ಜುತ್ತಾರೆ. ಪಾತ್ರೆ ತಿಕ್ಕುವ ಸ್ಕ್ರಬ್ಬರ್, ಟೂತ್‌ಪೇಸ್ಟ್, ಬಾಡಿ ಪೇಂಟಿಗೆ ಬಳಸುವ ರಬ್ಬಿಂಗ್ ಕಾಂಪೌಂಡ್, ಕೊನೆಗೆ ಸ್ಯಾಂಡ್ ಪೇಪರ್. ಗೀರು ಹೋಗುವುದಿಲ್ಲ. ಅದರ ಸುತ್ತ ಅಂಗೈ ಅಗಲದ ನುಣುಪು ಕಲೆಯೊಂದು ಹೊಸದಾಗಿ ಹುಟ್ಟಿಕೊಳ್ಳುತ್ತದೆ. ಗೀರಿಗೆ ಉಪಾಯವಿದೆ. ಆ ಕಲೆಗೆ ಇರುವ ಉಪಾಯಗಳು ತುಂಬಾ ಕಷ್ಟದವು. ಹಾಗಾಗಿ ಎಲ್ಲಕ್ಕಿಂತ ಹಗುರವಾದ ದಾರಿಯಿಂದ ಶುರು ಮಾಡಿ, ಗೀರು ಕಣ್ಣಿಗೆ ಬೀಳದಷ್ಟಾದ ಕೂಡಲೇ ಕೈ ನಿಲ್ಲಿಸಿ. ಕೆಳಗಿನ ಹಂತಗಳೆಲ್ಲ ಅದೇ ಕ್ರಮದಲ್ಲಿವೆ.

ಗೀರು ಬಿಳಿಯಾಗಿ ಕಾಣುವುದೇಕೆ

ಪೇಂಟ್ ಮಾಡಿದ ಬಾಡಿಯಲ್ಲಿ ಆಳದ ಗೀರು ಬಿದ್ದರೆ ಬಣ್ಣದ ಪದರವೇ ಕಿತ್ತು ಹೋಗಿರುತ್ತದೆ. ಇಲ್ಲಿ ಹಾಗಲ್ಲ. ಈ ಪ್ಲಾಸ್ಟಿಕ್ ತಯಾರಾಗುವಾಗಲೇ ಅದರೊಳಗೆ ಕಪ್ಪು ಬಣ್ಣ ಬೆರೆಸಿರುತ್ತಾರೆ. ಹೆಚ್ಚಾಗಿ ಅದು ಕಾರ್ಬನ್ ಬ್ಲ್ಯಾಕ್ ಅನ್ನುವ ಪುಡಿ. ಮೇಲೂ ಕಪ್ಪು, ಒಳಗೂ ಕಪ್ಪು. ಗೀರಿನ ತಳದಲ್ಲೂ ಬಣ್ಣ ಇದ್ದೇ ಇದೆ.

ಹಾಗಾದರೆ ಬಿಳಿ ಎಲ್ಲಿಂದ ಬಂತು? ಈ ಪ್ಲಾಸ್ಟಿಕ್ಕಿನ ಮೈ ನುಣುಪಾಗಿರುವುದಿಲ್ಲ. ಅಚ್ಚಿನಿಂದಲೇ ಅದಕ್ಕೆ ಸಣ್ಣ ಸಣ್ಣ ಉಬ್ಬು ತಗ್ಗುಗಳ ತರಿ ಬಂದಿರುತ್ತದೆ. ಏನಾದರೂ ಉಜ್ಜಿಕೊಂಡು ಹೋದಾಗ ಆ ತರಿಯ ತುದಿಗಳು ಹರಿದು, ಕೂದಲಿಗಿಂತ ಸಣ್ಣ ಎಳೆಗಳಾಗಿ ಮೇಲೇಳುತ್ತವೆ. ಆ ಎಳೆಗಳ ಮೇಲೆ ಬಿದ್ದ ಬೆಳಕು ದಿಕ್ಕೆಟ್ಟು ಚದುರುತ್ತದೆ. ನಮ್ಮ ಕಣ್ಣಿಗೆ ಅದು ಬಿಳಿಯಾಗಿ ಕಾಣುತ್ತದೆ. ಎಳೆದಾಗ, ಮಡಿಸಿದಾಗ ಪ್ಲಾಸ್ಟಿಕ್ ಬೆಳ್ಳಗಾಗುವುದೂ ಉಂಟು. ಹಳೆಯ ಕಪ್ಪು ಡಬ್ಬಿಯ ಮುಚ್ಚಳವನ್ನು ಬಗ್ಗಿಸಿ ನೋಡಿ, ಮಡಿಕೆಯ ಉದ್ದಕ್ಕೂ ಬಿಳಿ ಗೆರೆ ಮೂಡುತ್ತದೆ. ಇದರ ಜೊತೆಗೆ, ಪ್ಲಾಸ್ಟಿಕ್ ಗಟ್ಟಿಯಾಗಲಿ ಅಂತ ಟ್ಯಾಲ್ಕ್ ಎಂಬ ಬಿಳಿ ಖನಿಜದ ಪುಡಿಯನ್ನೂ ಬೆರೆಸಿರುತ್ತಾರೆ. ಕೆರೆದಾಗ ಅದೂ ಸ್ವಲ್ಪ ಹೊರಗೆ ಕಾಣುತ್ತದೆ.

ಇಷ್ಟು ಗೊತ್ತಾದರೆ ಅರ್ಧ ಕೆಲಸ ಆದಂತೆ. ಬಣ್ಣ ಹಾಕುವ ಅಗತ್ಯ ಹೆಚ್ಚಾಗಿ ಬರುವುದೇ ಇಲ್ಲ. ಎದ್ದ ಎಳೆಗಳನ್ನು ಮಲಗಿಸಿದರೆ ಸಾಕು, ಕಪ್ಪು ತಾನಾಗಿಯೇ ವಾಪಸ್ ಬರುತ್ತದೆ.

ಮೊದಲು ತೊಳೆಯಿರಿ

ತೊಳೆಯದೆ ಯಾವ ಗೀರನ್ನೂ ಅಳೆಯಬೇಡಿ. ಗೀರು ಅಂದುಕೊಂಡದ್ದು ಎಷ್ಟೋ ಸಲ ಗೀರೇ ಆಗಿರುವುದಿಲ್ಲ. ಗೋಡೆಯ ಸುಣ್ಣವೋ, ಇನ್ನೊಂದು ಗಾಡಿಯ ಪೇಂಟೋ, ಟೈರಿನ ರಬ್ಬರೋ ಪ್ಲಾಸ್ಟಿಕ್ಕಿನ ತರಿಗೆ ಮೆತ್ತಿಕೊಂಡಿರುತ್ತದೆ.

ಮೊದಲು ಬರೀ ನೀರು ಹಾಯಿಸಿ, ಮರಳಿನ ಕಣಗಳೆಲ್ಲ ಹೋಗಲಿ. ಆಮೇಲೆ ಕಾರ್ ಶಾಂಪೂ ಹಾಕಿ ಮೆತ್ತನೆ ಬ್ರಷ್‌ನಲ್ಲಿ ತಿಕ್ಕಿ. ಬಟ್ಟೆಗಿಂತ ಬ್ರಷ್ ಇಲ್ಲಿ ವಾಸಿ, ಯಾಕೆಂದರೆ ತರಿಯ ತಗ್ಗಿನಲ್ಲಿ ಕೂತ ಕೊಳೆಗೆ ಬಟ್ಟೆ ತಲುಪುವುದಿಲ್ಲ. ಹಳೆಯ ಮೆತ್ತನೆ ಟೂತ್‌ಬ್ರಷ್ ಕೂಡ ಆಗುತ್ತದೆ. ಬ್ರಷ್ಷನ್ನು ಒಂದೇ ದಿಕ್ಕಿಗೆ ಎಳೆಯದೆ ಸುತ್ತುಸುತ್ತಾಗಿ ಆಡಿಸಿ. ಚೆನ್ನಾಗಿ ತೊಳೆದು, ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ ಒತ್ತಿ ಒಣಗಿಸಿ.

ಇಷ್ಟಕ್ಕೂ ಹೋಗದ್ದು ಏನೆಂದು ನೋಡಿ, ಅದಕ್ಕೆ ತಕ್ಕ ಮದ್ದು ಹಾಕಿ. ಸುಣ್ಣದ ಕಲೆಯಾದರೆ ನೀರು ಬೆರೆಸಿದ ವಿನೆಗರ್‌ನಲ್ಲಿ ಬಟ್ಟೆ ಅದ್ದಿ ಕೆಲವು ನಿಮಿಷ ಅದರ ಮೇಲಿಡಿ, ಸುಣ್ಣ ಕರಗುತ್ತದೆ. ಆಮೇಲೆ ನೀರಿನಲ್ಲಿ ತೊಳೆದುಬಿಡಿ. ಟೈರಿನ ಕರಿ ಗುರುತಿಗೆ ನೀರು ಬೆರೆಸಿದ ಆಲ್ ಪರ್ಪಸ್ ಕ್ಲೀನರ್ ಸಾಕು. ಬೇರೆ ಗಾಡಿಯ ಪೇಂಟ್ ಮೆತ್ತಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಹೋಗದಿದ್ದರೆ ಬೆರಳಿನ ಉಗುರಿನಿಂದಲೋ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದಲೋ ಮೆಲ್ಲಗೆ ಕೆರೆದು ಎಬ್ಬಿಸಿ. ಲೋಹದ ಅಂಚು ಬೇಡ.

ಬಾಡಿಗೆ ವ್ಯಾಕ್ಸ್ ಅಥವಾ ಪಾಲಿಶ್ ಹಾಕುವಾಗ ಪ್ಲಾಸ್ಟಿಕ್ಕಿಗೂ ತಾಗಿ ಒಣಗಿದ್ದರೆ ಅದೂ ಬಿಳಿಯಾಗಿಯೇ ಕಾಣುತ್ತದೆ. ಪಟ್ಟಿಯ ಅಂಚಿನಲ್ಲಿ, ಪೇಂಟಿಗೆ ಅಂಟಿಕೊಂಡಂತೆ ಬಿಳಿ ಇದ್ದರೆ ಹೆಚ್ಚಾಗಿ ಅದು ವ್ಯಾಕ್ಸೇ. ಅದಕ್ಕೆ ಪೆನ್ಸಿಲ್ ಅಳಿಸುವ ಮೆತ್ತನೆ ರಬ್ಬರ್ ಚೆನ್ನಾಗಿ ಕೆಲಸ ಮಾಡುತ್ತದೆ. ಉಜ್ಜಿ, ಉದುರಿದ ಪುಡಿಯನ್ನು ಬ್ರಷ್‌ನಿಂದ ಗುಡಿಸಿ.

ಥಿನ್ನರ್, ಅಸಿಟೋನ್, ನೇಲ್ ಪಾಲಿಶ್ ರಿಮೂವರ್, ಪೆಟ್ರೋಲ್, ಇವು ಯಾವುವೂ ಬೇಡ. ಕೆಲವು ಪ್ಲಾಸ್ಟಿಕ್ ಇವನ್ನು ತಡೆದುಕೊಳ್ಳುತ್ತದೆ, ಕೆಲವು ಕರಗಿ ಅಂಟಂಟಾಗುತ್ತದೆ. ಪಕ್ಕದ ಪೇಂಟಿಗೆ ತಾಗಿದರಂತೂ ಖರ್ಚು ಬೇರೆ. ಪೆಟ್ರೋಲಿನಲ್ಲಿ ಬೆಂಕಿಯ ಅಪಾಯವೂ ಇದೆ.

ನೀರಿನ ಪರೀಕ್ಷೆ, ಉಗುರಿನ ಪರೀಕ್ಷೆ

ಪ್ಲಾಸ್ಟಿಕ್ ಪೂರ್ತಿ ಒಣಗಿದ ಮೇಲೆ ಗೀರಿನ ಮೇಲೆ ಬೆರಳಿನಿಂದ ಸ್ವಲ್ಪ ನೀರು ಸವರಿ. ಒದ್ದೆ ಇರುವಷ್ಟು ಹೊತ್ತು ಗೀರು ಕಾಣದಾದರೆ ಒಳ್ಳೆಯ ಸುದ್ದಿ. ನೀರು ಎಳೆಗಳ ನಡುವೆ ತುಂಬಿಕೊಂಡು ಬೆಳಕು ಚದುರುವುದನ್ನು ತಡೆದಿದೆ. ಅದೇ ಕೆಲಸವನ್ನು ಈ ಕಪ್ಪು ಪ್ಲಾಸ್ಟಿಕ್ಕಿಗೆಂದೇ ಹಚ್ಚುವ ಟ್ರಿಮ್ ಡ್ರೆಸ್ಸಿಂಗ್ ಅಥವಾ ಟ್ರಿಮ್ ಕೋಟಿಂಗ್ ಜಾಸ್ತಿ ದಿನ ಮಾಡಬಲ್ಲದು. ಒದ್ದೆಯಲ್ಲೂ ಬಿಳಿ ಕಾಣುತ್ತಿದ್ದರೆ ಡ್ರೆಸ್ಸಿಂಗ್ ಹಚ್ಚಿ ಪ್ರಯೋಜನ ಕಡಿಮೆ, ಬಿಸಿ ತಾಗಿಸಬೇಕಾಗುತ್ತದೆ.

ಆಮೇಲೆ ಗೀರಿಗೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ಸಲೀಸಾಗಿ ಜಾರಿದರೆ ಗೀರು ಮೇಲ್ಮೈಯದು. ಉಬ್ಬಿಗೆ ತಡೆದರೆ ಪ್ಲಾಸ್ಟಿಕ್ ಪಕ್ಕಕ್ಕೆ ಸರಿದು ನಿಂತಿದೆ, ಅದನ್ನು ಬಹುಪಾಲು ಸರಿಮಾಡಬಹುದು. ಉಗುರು ಒಳಗೆ ಬಿದ್ದರೆ ಅಲ್ಲಿನ ಪ್ಲಾಸ್ಟಿಕ್ಕೇ ಕಿತ್ತು ಹೋಗಿದೆ. ಇಲ್ಲದ್ದನ್ನು ಬಿಸಿ ಮಾಡಿ ತರಿಸಲು ಆಗುವುದಿಲ್ಲ. ಬಣ್ಣ ಮರಳುತ್ತದೆ, ಹಳ್ಳ ಉಳಿಯುತ್ತದೆ.

ಇನ್ನೊಂದು ವಿಷಯ ನೋಡಿಕೊಳ್ಳಿ. ಗೀರಿನ ಸುತ್ತಲ ಪ್ಲಾಸ್ಟಿಕ್ ಇನ್ನೂ ಕಪ್ಪಾಗಿದೆಯೋ, ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದೆಯೋ? ಪಟ್ಟಿ ಪೂರಾ ಮಾಸಿದ್ದರೆ ಗೀರೊಂದನ್ನೇ ಸರಿಮಾಡಿದಾಗ ಆ ಜಾಗ ಮಾತ್ರ ಕಡುಕಪ್ಪಾಗಿ, ತೇಪೆ ಹಾಕಿದಂತೆ ಕಾಣುತ್ತದೆ. ಅಂಥ ಗಾಡಿಯಲ್ಲಿ ಪಟ್ಟಿಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಒಂದೇ ಕೆಲಸವಾಗಿ ಹಿಡಿಯಿರಿ.

ಯಾವ ಪ್ಲಾಸ್ಟಿಕ್?

ಪಟ್ಟಿಯ ಹಿಂಬದಿ ಕಾಣುವಂತಿದ್ದರೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಪ್ಲಾಸ್ಟಿಕ್ಕಿನ ಜಾತಿಯನ್ನು ಅಚ್ಚು ಹಾಕಿರುತ್ತಾರೆ. 'ಪಿಪಿ' ಅಂತ ಇದ್ದರೆ ಪಾಲಿಪ್ರೊಪಿಲೀನ್. 'ಪಿಪಿ ಪ್ಲಸ್ ಇಪಿಡಿಎಂ' ಅಂತಿದ್ದರೆ ಅದಕ್ಕೆ ರಬ್ಬರ್ ಬೆರೆಸಿದೆ ಅಂತ ಅರ್ಥ. ಕೊನೆಯಲ್ಲಿ 'ಟಿಡಿ20' ಅಂತಿದ್ದರೆ 20 ಶೇಕಡ ಟ್ಯಾಲ್ಕ್ ಪುಡಿ ಇದೆ. ಬಂಪರ್, ಚಕ್ರದ ಕಮಾನು, ಬಾಗಿಲ ಪಟ್ಟಿಯ ತರಿತರಿ ಪ್ಲಾಸ್ಟಿಕ್ ಹೆಚ್ಚಾಗಿ ಈ ಗುಂಪಿನದೇ. ಗ್ರಿಲ್, ಕನ್ನಡಿಯ ಕವಚ, ಕೆಲವು ಸ್ಕೂಟರ್ ಪ್ಯಾನಲ್‌ಗಳಲ್ಲಿ 'ಎಬಿಎಸ್' ಅನ್ನುವ ಇನ್ನೊಂದು ಜಾತಿಯ ಪ್ಲಾಸ್ಟಿಕ್ ಇರುವುದುಂಟು.

ಈ ವ್ಯತ್ಯಾಸ ಬಿಸಿ ಮಾಡುವಾಗ ಮುಖ್ಯವಾಗುತ್ತದೆ. ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎಬಿಎಸ್ 105 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಿ ಆಕಾರ ಕೆಡುತ್ತದೆ. ಗುರುತು ಸಿಗದಿದ್ದರೆ ಎಬಿಎಸ್ ಇರಬಹುದು ಅಂದುಕೊಂಡೇ ಹುಷಾರಾಗಿರಿ.

ಹಗುರ ಗೀರಿಗೆ ಡ್ರೆಸ್ಸಿಂಗ್ ಸಾಕು

ನೀರಿನ ಪರೀಕ್ಷೆಯಲ್ಲಿ ಗೀರು ಮಾಯವಾಗಿದ್ದರೆ ಬಿಸಿ ಗಾಳಿ ಊದುವ ಹೀಟ್ ಗನ್ ಮುಟ್ಟಲೇಬೇಡಿ. ಪ್ಲಾಸ್ಟಿಕ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಹಳೆಯ ಎಣ್ಣೆ ಜಿಡ್ಡೆಲ್ಲ ಹೋಗಲಿ. ಆರಿದ ಮೇಲೆ ನೆರಳಿನಲ್ಲಿ, ಪ್ಲಾಸ್ಟಿಕ್ ತಣ್ಣಗಿರುವಾಗ ಟ್ರಿಮ್ ಡ್ರೆಸ್ಸಿಂಗ್ ಹಚ್ಚಿ. ಸ್ಪಂಜಿನ ಮೇಲೆ ಸ್ವಲ್ಪವೇ ತೆಗೆದುಕೊಂಡು, ತರಿಯೊಳಗೆ ಹೋಗುವಂತೆ ಒತ್ತಿ ಸವರಿ. ಕೆಲವು ನಿಮಿಷ ಬಿಟ್ಟು ಮೇಲೆ ಉಳಿದದ್ದನ್ನು ಒಣ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಜಾಸ್ತಿ ಹಚ್ಚಿದರೆ ಜಾಸ್ತಿ ಕಪ್ಪಾಗುವುದಿಲ್ಲ. ಧೂಳು ಹಿಡಿಯುತ್ತದೆ, ಮಳೆಗೆ ಕರಗಿ ಪೇಂಟಿನ ಮೇಲೆ ಹರಿದು ಗೆರೆ ಬೀಳುತ್ತದೆ ಅಷ್ಟೇ.

ಅಂಗಡಿಯಲ್ಲಿ ಇದರಲ್ಲೇ ಬಗೆಬಗೆ ಸಿಗುತ್ತವೆ. ಸಾಮಾನ್ಯ ಡ್ರೆಸ್ಸಿಂಗ್ ಕೆಲವು ವಾರ ಇರುತ್ತದೆ, ತೊಳೆದಂತೆಲ್ಲ ಇಳಿಯುತ್ತದೆ. ಬಣ್ಣ ಬೆರೆಸಿದ ಟ್ರಿಮ್ ರಿಸ್ಟೋರರ್ ಮಾಸಿದ ಪಟ್ಟಿಗೆ ಒಳ್ಳೆಯದು, ಗೀರನ್ನೂ ಚೆನ್ನಾಗಿ ಮುಚ್ಚುತ್ತದೆ. ಆದರೆ ಕೈಗೆ, ಪೇಂಟಿಗೆ ಕಲೆ ಮಾಡುತ್ತದೆ. ಗ್ಲೌಸ್ ಹಾಕಿಕೊಂಡು, ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ ಹಚ್ಚಿ. ಸೆರಾಮಿಕ್ ಟ್ರಿಮ್ ಕೋಟಿಂಗ್ ತಿಂಗಳುಗಟ್ಟಲೆ ಬಾಳುತ್ತದೆ, ಆದರೆ ಅದು ಹಿಡಿಯಬೇಕಾದರೆ ಪ್ಲಾಸ್ಟಿಕ್ ಮೇಲೆ ಚೂರೂ ಜಿಡ್ಡು ಇರಬಾರದು. ನನ್ನ ಮಟ್ಟಿಗೆ ಹೇಳುವುದಾದರೆ, ಮೇಲಿಂದ ಮೇಲೆ ಡ್ರೆಸ್ಸಿಂಗ್ ಹಚ್ಚುವುದಕ್ಕಿಂತ ಒಂದು ಸಲ ಚೆನ್ನಾಗಿ ತೊಳೆದು ಕೋಟಿಂಗ್ ಹಾಕುವುದೇ ಮೇಲು. ಹಾಕಿದ ಮೇಲೆ ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ನೀರು ತಾಗಿಸಬೇಡಿ.

ಅಡುಗೆ ಎಣ್ಣೆ, ಬೂಟ್ ಪಾಲಿಶ್, ಹಳೆಯ ಇಂಜಿನ್ ಆಯಿಲ್ ಹಚ್ಚುವವರೂ ಇದ್ದಾರೆ. ಹಚ್ಚಿದ ದಿನ ಕಪ್ಪಾಗಿ ಹೊಳೆಯುತ್ತದೆ ನಿಜ. ಆದರೆ ಎಣ್ಣೆ ಧೂಳನ್ನು ಎಳೆದುಕೊಂಡು ಕೆಸರಾಗುತ್ತದೆ, ಬೂಟ್ ಪಾಲಿಶ್ ಬಟ್ಟೆಗೆ ಹತ್ತುತ್ತದೆ. ಮುಂದೆ ಬಿಸಿ ಮಾಡುವ ಅಥವಾ ಪೇಂಟ್ ಮಾಡುವ ಪ್ರಸಂಗ ಬಂದರೆ ಈ ಜಿಡ್ಡನ್ನು ತೆಗೆಯುವುದೇ ದೊಡ್ಡ ಕೆಲಸವಾಗುತ್ತದೆ.

ದ್ವಿಚಕ್ರ ವಾಹನದವರಿಗೆ ಒಂದು ಮಾತು. ಕಾಲಿಡುವ ಫ್ಲೋರ್‌ಬೋರ್ಡ್, ಸೀಟು, ಹ್ಯಾಂಡಲ್ ಗ್ರಿಪ್, ಬ್ರೇಕ್ ಪೆಡಲ್, ಇವುಗಳ ಮೇಲೆ ಡ್ರೆಸ್ಸಿಂಗ್ ಖಂಡಿತ ಹಚ್ಚಬೇಡಿ. ಜಾರುತ್ತದೆ. ಬ್ರೇಕ್ ಡಿಸ್ಕಿಗೂ ಟೈರಿನ ರಸ್ತೆಗೆ ತಾಗುವ ಭಾಗಕ್ಕೂ ಹನಿ ಕೂಡ ಬೀಳಬಾರದು. ಅಲ್ಲಿ ಗೀರು ಇದ್ದರೆ ಇರಲಿ.

ಹೀಟ್ ಗನ್ ಹಿಡಿಯುವ ಬಗೆ

ಒದ್ದೆ ಮಾಡಿದರೂ ಕಾಣುವ ಬಿಳಿ ಗೀರಿಗೆ ಬಿಸಿಯಷ್ಟು ಒಳ್ಳೆಯ ಉಪಾಯ ಬೇರೆ ಇಲ್ಲ. ಹೊರಗಿನಿಂದ ಏನನ್ನೂ ಹಚ್ಚುವುದಿಲ್ಲ. ಪ್ಲಾಸ್ಟಿಕ್ಕಿನ ಮೇಲ್ಪದರ ಕ್ಷಣಕಾಲ ಮೆತ್ತಗಾಗಿ, ಎದ್ದ ಎಳೆಗಳು ಮತ್ತೆ ಮೈಗೆ ಸೇರಿಕೊಳ್ಳುತ್ತವೆ. ಸರಿಯಾಗಿ ಮಾಡಿದರೆ ಮಳೆ ನೀರಿಗೆ ಹೋಗುವ ಮಾತೇ ಇಲ್ಲ. ಅಷ್ಟೇ ಬೇಗ ಕೆಡಿಸುವ ಉಪಾಯವೂ ಇದೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೇಕಾದದ್ದು ಶಾಖವನ್ನು ಕಡಿಮೆ ಜಾಸ್ತಿ ಮಾಡಬಹುದಾದ ಹೀಟ್ ಗನ್. ತಲೆ ಒಣಗಿಸುವ ಹೇರ್ ಡ್ರೈಯರ್‌ನ ಗಾಳಿ ಪಾಲಿಪ್ರೊಪಿಲೀನ್ ಮೆತ್ತಗಾಗುವಷ್ಟು ಬಿಸಿ ಇರುವುದಿಲ್ಲ. ಲೈಟರ್, ಗ್ಯಾಸ್ ಟಾರ್ಚ್, ಮೇಣದಬತ್ತಿ ಯಾವುದೂ ಬೇಡ. ಬೆಂಕಿಯ ನಾಲಿಗೆ ಒಂದೇ ಬಿಂದುವನ್ನು ಸುಡುತ್ತದೆ, ಮಸಿ ಹಿಡಿಸುತ್ತದೆ.

ಜಾಗವನ್ನು ತಯಾರು ಮಾಡಿ. ಡ್ರೆಸ್ಸಿಂಗ್, ವ್ಯಾಕ್ಸ್ ಏನೂ ಇಲ್ಲದಂತೆ ತೊಳೆದಿರಬೇಕು, ಇಲ್ಲದಿದ್ದರೆ ಹೊಗೆ ಬರುತ್ತದೆ, ಕಲೆಯೂ ಆಗುತ್ತದೆ. ಆಲ್ಕೋಹಾಲ್‌ನಲ್ಲಿ ಒರೆಸಿದ್ದರೆ ಅದು ಪೂರ್ತಿ ಆರುವವರೆಗೆ ಕಾಯಿರಿ, ಬಾಟಲಿಯನ್ನೂ ಒದ್ದೆ ಬಟ್ಟೆಯನ್ನೂ ದೂರ ಇಡಿ. ಪಕ್ಕದ ಪೇಂಟಿಗೆ ಮಾಸ್ಕಿಂಗ್ ಟೇಪ್ ಹಾಕಿ, ಅದರ ಮೇಲೆ ರಟ್ಟಿನ ತುಂಡು ಅಡ್ಡ ಹಿಡಿಯಿರಿ. ಬರೀ ಟೇಪ್ ಶಾಖವನ್ನು ತಡೆಯುವುದಿಲ್ಲ. ಪಾರ್ಕಿಂಗ್ ಸೆನ್ಸರ್, ಲೈಟ್, ರಬ್ಬರ್ ಬೀಡಿಂಗ್, ಪಟ್ಟಿಯನ್ನು ಹಿಡಿದಿರುವ ಅಂಟುಟೇಪ್, ಇವುಗಳ ಹತ್ತಿರ ಹೋಗಬೇಡಿ. ಪೆಟ್ರೋಲ್ ತುಂಬಿಸುವ ಮುಚ್ಚಳದ ಆಸುಪಾಸಂತೂ ಬೇಡವೇ ಬೇಡ. ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ.

ಈಗ ಗೀರಿನ ಮೇಲೆ ಎದ್ದು ನಿಂತ ದೊಡ್ಡ ಎಳೆಗಳಿದ್ದರೆ ಹೊಸ ಬ್ಲೇಡನ್ನು ಮೈಗೆ ಸಮವಾಗಿ ಮಲಗಿಸಿ ಹಿಡಿದು ಕತ್ತರಿಸಿ ತೆಗೆಯಿರಿ. ಕೆರೆಯಬೇಡಿ, ಸವರಿದಂತೆ ಕತ್ತರಿಸಿ. ಇದನ್ನು ಬಿಟ್ಟರೆ ಬಿಸಿಗೆ ಆ ಎಳೆಗಳು ಮುದುಡಿ ಸಣ್ಣ ಗಂಟುಗಳಾಗುತ್ತವೆ.

ಗಾಡಿಯ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಮೊದಲು ಕೈ ಪಳಗಿಸಿಕೊಳ್ಳಿ. ಗನ್ನನ್ನು 250ರಿಂದ 300 ಡಿಗ್ರಿಗೆ ಇಟ್ಟು, ಮೂತಿಯನ್ನು 15 ಸೆಂಟಿಮೀಟರ್ ದೂರ ಹಿಡಿಯಿರಿ. ಗೀರಿನ ಉದ್ದಕ್ಕೂ ಹಿಂದೆ ಮುಂದೆ ಆಡಿಸುತ್ತಲೇ ಇರಿ. ಒಂದು ಕ್ಷಣವೂ ನಿಲ್ಲಿಸಬೇಡಿ. ಮೊದಲಿಗೆ ಏನೂ ಆಗುವುದಿಲ್ಲ, ಸುಮ್ನೆ ಗಾಳಿ ಹೊಡೆಯುತ್ತಿದ್ದೇನೆ ಅನ್ನಿಸುತ್ತದೆ. ಬದಲಾವಣೆ ಕಾಣದಿದ್ದರೆ ಶಾಖ ಏರಿಸದೆ, ಮೂತಿಯನ್ನು ಸ್ವಲ್ಪ ಹತ್ತಿರ ತನ್ನಿ. 10 ಸೆಂಟಿಮೀಟರ್‌ಗಿಂತ ಹತ್ತಿರ ಬೇಡ.

ಕಣ್ಣು ಗೀರಿನ ಅಂಚಿನ ಮೇಲೆಯೇ ಇರಲಿ. ಬದಲಾವಣೆ ಅಲ್ಲಿ ಶುರುವಾಗುತ್ತದೆ. ಬೂದಿ ಬಣ್ಣದ ಅಂಚು ಮೊದಲು ತೇವವಾದಂತೆ ಮಿನುಗುತ್ತದೆ. ಮರುಕ್ಷಣವೇ ಆ ಮಿನುಗು ಗೆರೆಯ ಉದ್ದಕ್ಕೂ ಹರಿದು, ಹಿಂದೆಯೇ ಬಿಳಿ ಕಪ್ಪಾಗುತ್ತಾ ಹೋಗುತ್ತದೆ. ಆಗಲೇ ಗನ್ನನ್ನು ಆಚೆ ತೆಗೆಯಬೇಕು. ಪೂರ್ತಿ ಕಪ್ಪಾಗಲಿ ಅಂತ ಇನ್ನೂ ಹಿಡಿದರೆ ಮಿನುಗು ಗೀರನ್ನು ದಾಟಿ ಸುತ್ತಲ ತರಿಗೂ ಹಬ್ಬುತ್ತದೆ. ತರಿ ಕರಗಿ ಚಪ್ಪಟೆಯಾಗುತ್ತದೆ, ಆರಿದ ಮೇಲೆ ಅಲ್ಲಿ ಹೊಳಪಿನ ಕಲೆ ಉಳಿಯುತ್ತದೆ. ಹೋದ ತರಿಯನ್ನು ಮೊದಲಿನಂತೆಯೇ ತರಲು ಆಗದು.

ತೆಗೆದ ಮೇಲೆ ಬೆರಳು ಹಾಕಬೇಡಿ. ಸುಡುತ್ತದೆ ಅನ್ನುವುದು ಒಂದು, ಮೆತ್ತಗಿರುವ ಪ್ಲಾಸ್ಟಿಕ್ ಮೇಲೆ ಬೆರಳಿನ ಅಚ್ಚು ಮೂಡುತ್ತದೆ ಅನ್ನುವುದು ಇನ್ನೊಂದು. ತಾನಾಗಿ ತಣಿಯಲಿ. ಪೂರ್ತಿ ತಣಿದ ಮೇಲೆ ಹಗಲು ಬೆಳಕಿನಲ್ಲಿ ಎರಡು ಮೂರು ಕೋನದಿಂದ ನೋಡಿ, ಬೇಕಿದ್ದರೆ ಇನ್ನೊಂದು ಸುತ್ತು ಮಾಡಿ. ಒಂದೇ ಸಲಕ್ಕೆ ಜಾಸ್ತಿ ಹೊತ್ತು ಹಿಡಿಯುವ ಬದಲು ನಡುವೆ ತಣಿಯಲು ಬಿಟ್ಟು ಹಲವು ಸಲ ಮಾಡುವುದು ಯಾವಾಗಲೂ ಸುರಕ್ಷಿತ. ತೆಳು ಪಟ್ಟಿಯಾದರೆ ಒಂದೇ ಕಡೆ ಬಿಸಿ ಕೂತು ಪಟ್ಟಿ ಬಾಗಿ ಅಲೆಯಾಗುವ ಅಪಾಯವೂ ಇದೆ.

ಮಾಸಿದ ಪ್ಲಾಸ್ಟಿಕ್ಕನ್ನೂ ಹೀಗೆ ಬಿಸಿ ಮಾಡಿ ಕಪ್ಪಾಗಿಸಬಹುದು. ಆದರೆ ಬಿಸಿಲಿನಿಂದ ಹಾಳಾದ ಮೇಲ್ಪದರ ಅಲ್ಲೇ ಇರುತ್ತದೆ, ಕೆಲವು ತಿಂಗಳಿಗೆ ಮತ್ತೆ ಬೂದಿಯಾಗುತ್ತದೆ. ಮೇಲಿಂದ ಮೇಲೆ ಮಾಡಿದರೆ ತರಿ ಹೋಗುತ್ತದೆ. ಮಾಸಿದ್ದಕ್ಕೆ ಟ್ರಿಮ್ ರಿಸ್ಟೋರರೇ ಸರಿ.

ಹಳ್ಳ ಬಿದ್ದಿದ್ದರೆ

ಬಿಸಿ ತಾಗಿಸಿ ಕಪ್ಪು ಮರಳಿದ ಮೇಲೂ ಗೆರೆ ಹಳ್ಳವಾಗಿ ಉಳಿಯಬಹುದು. ಇಲ್ಲಿ ನನ್ನ ಸಲಹೆ, ಎರಡು ಹೆಜ್ಜೆ ಹಿಂದೆ ನಿಂತು ನೋಡಿ. ಬಂಪರಿನ ತಳದಲ್ಲಿರುವ ಕಪ್ಪು ಹಳ್ಳ ನಿಂತವರ ಕಣ್ಣಿಗೆ ಬೀಳುವುದೇ ಕಡಿಮೆ. ಕಾಣುತ್ತಿದ್ದದ್ದು ಬಿಳಿ, ಅದು ಹೋಯಿತು. ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯದು.

ಕಣ್ಣಿಗೆ ನೇರ ಬೀಳುವ ಜಾಗವಾದರೆ, ಸುಟ್ಟು ನುಣುಪಾದ ಕಡೆ ತರಿ ಮೂಡಿಸುವ ಒಂದು ವಿಧಾನವಿದೆ. ಅದೇ ಪಟ್ಟಿಯ ಕೆಡದ ಭಾಗದ ಮೇಲೆ ಎರಡು ಭಾಗ ಕಲಸಿ ಬಳಸುವ ಸಿಲಿಕೋನ್ ಪುಟ್ಟಿಯನ್ನು ಒತ್ತಿ, ಗಟ್ಟಿಯಾದ ಮೇಲೆ ಬಿಡಿಸಿಕೊಳ್ಳಿ. ತರಿಯ ಅಚ್ಚು ಅದರ ಮೇಲೆ ಬಂದಿರುತ್ತದೆ. ಹಾಳಾದ ಜಾಗವನ್ನು ಮಿನುಗುವವರೆಗೆ ಬಿಸಿ ಮಾಡಿ, ಕೂಡಲೇ ಈ ಅಚ್ಚನ್ನು ದಪ್ಪ ಗ್ಲೌಸ್ ಹಾಕಿದ ಕೈಯಿಂದ ನೇರವಾಗಿ ಒತ್ತಿ ಹಿಡಿಯಿರಿ. ಜರುಗಿಸಬೇಡಿ. ತಣಿದ ಮೇಲೆ ತೆಗೆಯಿರಿ. ಮೊದಲಿನಷ್ಟೇ ಚೆನ್ನಾಗಿ ಬರುವುದಿಲ್ಲ, ಆದರೆ ಹೊಳಪು ಒಡೆದು ಸುತ್ತಲಿನ ಮೈಗೆ ಹತ್ತಿರವಾಗುತ್ತದೆ. ಹಿಂದಿನಿಂದ ಆಧಾರವಿಲ್ಲದ ತೆಳು ಪಟ್ಟಿಯ ಮೇಲೆ ಇದನ್ನು ಮಾಡಬೇಡಿ, ಒತ್ತಿದ ಕಡೆ ತಗ್ಗಾಗುತ್ತದೆ.

ಸ್ಯಾಂಡ್ ಪೇಪರ್ ಹಿಡಿಯುವ ಮುನ್ನ ಒಂದು ಮಾತು ತಿಳಿದಿರಲಿ. ತರಿತರಿ ಮೈಗೆ ಸ್ಯಾಂಡ್ ಪೇಪರ್ ಹಾಕಿದರೆ ಪಟ್ಟಿಗೆ ಪೇಂಟ್ ಮಾಡಲೇಬೇಕು. ಹಿಂದಿರುಗುವ ದಾರಿ ಇಲ್ಲ.

ಕೊನೆಗೆ ಪೇಂಟ್

ಪಾಲಿಪ್ರೊಪಿಲೀನ್ ಮೇಲೆ ಪೇಂಟ್ ಸುಲಭಕ್ಕೆ ಅಂಟುವುದಿಲ್ಲ. ನೀರು ಅದರ ಮೇಲೆ ಹರಡದೆ ಹನಿಹನಿಯಾಗಿ ನಿಲ್ಲುವುದನ್ನು ನೋಡಿರುತ್ತೀರಿ. ಪೇಂಟಿನ ಕಥೆಯೂ ಅದೇ. ಸಾಮಾನ್ಯ ಕಪ್ಪು ಸ್ಪ್ರೇ ಹೊಡೆದರೆ ಮೊದಲು ಚೆನ್ನಾಗಿ ಕಂಡು, ಆಮೇಲೆ ಹಾಳೆಯಾಗಿ ಸುಲಿದು ಬರುತ್ತದೆ. ಅದಕ್ಕೆ ಅಡ್ಹೀಶನ್ ಪ್ರಮೋಟರ್ ಅಂತ ಮಾರುವ ಪ್ಲಾಸ್ಟಿಕ್ ಪ್ರೈಮರ್ ಬೇಕೇ ಬೇಕು. ಡಬ್ಬಿಯ ಮೇಲೆ ಪಾಲಿಪ್ರೊಪಿಲೀನ್ ಅಥವಾ ಪಿಪಿಗೆ ಆಗುತ್ತದೆ ಅಂತ ಬರೆದಿದೆಯೇ ನೋಡಿ ಕೊಳ್ಳಿ.

ಹಳ್ಳ ಆಳವಾಗಿದ್ದರೆ ಬಂಪರಿಗೆಂದೇ ಬರುವ ಬಾಗುವ ಫಿಲ್ಲರ್ ತುಂಬಿ. ಗಟ್ಟಿಯಾದ ಮೇಲೆ 320, ಆಮೇಲೆ 600 ನಂಬರ್ ಪೇಪರ್‌ನಲ್ಲಿ ನೀರು ಹಾಕಿ, ಮೆಲ್ಲಗೆ ಉಜ್ಜಿ. ಜೋರಾಗಿ ಉಜ್ಜಿದರೆ ಈ ಪ್ಲಾಸ್ಟಿಕ್ ಬಿಸಿಯಾಗಿ ನೂಲುನೂಲಾಗಿ ಏಳುತ್ತದೆ. ಧೂಳು, ಜಿಡ್ಡು ಒರೆಸಿ, ಸುತ್ತ ಟೇಪ್ ಮತ್ತು ಕಾಗದ ಹಾಕಿ. ಸ್ಪ್ರೇ ಮಂಜು ನೀವು ಅಂದುಕೊಂಡದ್ದಕ್ಕಿಂತ ದೂರ ಹಾರುತ್ತದೆ, ಪಕ್ಕದ ಬಾಗಿಲು, ಚಕ್ರ, ಗಾಜು ಎಲ್ಲ ಮುಚ್ಚಿ. ಪ್ರೈಮರ್ ತೆಳುವಾಗಿ ಒಂದು ಸುತ್ತು. ಅದರ ಮೇಲೆ ಟ್ರಿಮ್ ಪೇಂಟ್, ಮ್ಯಾಟ್ ಅಥವಾ ಸ್ಯಾಟಿನ್ ಕಪ್ಪು. ತರಿ ಬೇಕಾದರೆ ಟೆಕ್ಸ್ಚರ್ ಬಂಪರ್ ಸ್ಪ್ರೇ. ಡಬ್ಬಿಯನ್ನು ಚೆನ್ನಾಗಿ ಅಲುಗಾಡಿಸಿ, 20ರಿಂದ 25 ಸೆಂಟಿಮೀಟರ್ ದೂರದಿಂದ, ಪಟ್ಟಿಯ ಹೊರಗೆ ಶುರು ಮಾಡಿ ಹೊರಗೇ ನಿಲ್ಲಿಸಿ. ತೆಳುವಾಗಿ ಎರಡು ಮೂರು ಸುತ್ತು, ನಡುವೆ 10ರಿಂದ 15 ನಿಮಿಷ ಬಿಡುವು. ಗೀರಿನ ಜಾಗಕ್ಕೆ ಮಾತ್ರ ಹೊಡೆದರೆ ತೇಪೆ ಕಾಣುತ್ತದೆ, ಪಟ್ಟಿ ಪೂರ್ತಿ ಹೊಡೆಯಿರಿ. ಪಾರ್ಕಿಂಗ್ ಸೆನ್ಸರಿನ ಮುಖಕ್ಕೆ ದಪ್ಪ ಪೇಂಟ್ ಬೀಳಬಾರದು. ಮುಂದಿನ ಗಾಡಿಯ ದೂರ ಅಳೆಯುವ ರಾಡಾರ್ ಇರುವ ಜಾಗದ ಮುಂದೆಯೂ ಫಿಲ್ಲರ್, ಪೇಂಟ್ ಬೇಡ, ಸಂಕೇತಕ್ಕೆ ಅಡ್ಡಿಯಾಗುತ್ತದೆ. ಮಾಸ್ಕ್ ಹಾಕಿಕೊಳ್ಳಿ.

ಹೊಳೆಯುವ ಕಪ್ಪು ಬೇರೆಯೇ

ಕಿಟಕಿಗಳ ನಡುವಿನ ಕಂಬ, ಕೆಲವು ಗ್ರಿಲ್, ಒಳಗೆ ಗೇರಿನ ಸುತ್ತ ಕನ್ನಡಿಯಂತೆ ಹೊಳೆಯುವ ಕಪ್ಪು ಪ್ಲಾಸ್ಟಿಕ್ ಇರುತ್ತದೆ. ಪಿಯಾನೋ ಬ್ಲ್ಯಾಕ್ ಅಂತಾರೆ. ಮೇಲೆ ಹೇಳಿದ್ದು ಯಾವುದೂ ಇದಕ್ಕೆ ಹೊಂದುವುದಿಲ್ಲ. ಬಿಸಿ ಬೇಡ, ಟ್ರಿಮ್ ರಿಸ್ಟೋರರ್ ಬೇಡ, ಮೆಲಮೈನ್ ಸ್ಪಂಜ್ ಅಂತೂ ಬೇಡ. ನೋಡಲು ಮೆತ್ತಗಿದ್ದರೂ ಆ ಸ್ಪಂಜ್ ಸಣ್ಣ ಸ್ಯಾಂಡ್ ಪೇಪರಿನಂತೆ ಉಜ್ಜುತ್ತದೆ.

ಇಲ್ಲಿನ ಗೀರುಗಳು ಹೆಚ್ಚಾಗಿ ಒಣ ಬಟ್ಟೆಯಲ್ಲಿ ಧೂಳು ಒರೆಸಿದ್ದರಿಂದ ಬಿದ್ದವು. ಬಿಸಿಲಿನಲ್ಲಿ ಜೇಡರ ಬಲೆಯ ಹಾಗೆ ಕಾಣುತ್ತವೆ. ತೊಳೆದು, ಫಿನಿಶಿಂಗ್ ಪಾಲಿಶ್ ಅನ್ನುವ ಅತಿ ಸಣ್ಣ ಕಣದ ಪಾಲಿಶನ್ನು ಮೆತ್ತನೆ ಫೋಮ್ ಪ್ಯಾಡ್ ಮೇಲೆ ಹಾಕಿ, ಕೈಯಿಂದಲೇ ಹಗುರವಾಗಿ ಉಜ್ಜಿ, ಹೊಸ ಮೈಕ್ರೋಫೈಬರ್‌ನಲ್ಲಿ ಒರೆಸಿ. ಉಗುರಿಗೆ ಸಿಗುವ ಗೀರನ್ನು ಪೂರ್ತಿ ತೆಗೆಯಲು ಹೋಗಬೇಡಿ, ಮೇಲಿನ ಕ್ಲಿಯರ್ ಪದರ ತೆಳುವಾಗಿರುತ್ತದೆ. ಅಲ್ಲಿ ಹೊಳೆಯುವ ಕಪ್ಪು ವೈನಿಲ್ ಅಂಟಿಸುವುದು ಸುಲಭ. ಮುಂದೆಂದೂ ಒಣಗಿದ ಧೂಳನ್ನು ಹಾಗೇ ಒರೆಸಬೇಡಿ.

ಗಾಡಿಯ ಒಳಗೆ

ಡೋರ್ ಪ್ಯಾಡ್, ಡಿಕ್ಕಿಯ ಅಂಚು, ಡ್ಯಾಶ್‌ಬೋರ್ಡಿನ ಕೆಳಭಾಗದಲ್ಲೂ ಇದೇ ಬಿಳಿ ಗೀರು ಬೀಳುತ್ತದೆ. ಶೂ ತಾಗಿದ್ದು, ಸಾಮಾನು ಉಜ್ಜಿದ್ದು. ಕ್ರಮ ಅದೇ. ತೊಳೆಯುವ ಬದಲು ಒದ್ದೆ ಬಟ್ಟೆ ಮತ್ತು ಇಂಟೀರಿಯರ್ ಕ್ಲೀನರ್ ಬಳಸಿ. ಏರ್‌ಬ್ಯಾಗ್ ಅಂತ ಅಚ್ಚು ಹಾಕಿದ ಯಾವ ಪ್ಯಾನಲ್ ಮೇಲೂ ಹೀಟ್ ಗನ್ ಹಿಡಿಯಬೇಡಿ. ಒಳಗಿನ ಪ್ಲಾಸ್ಟಿಕ್ ತೆಳು, ಹಿಂದೆ ವೈರಿಂಗ್ ಇರುತ್ತದೆ. ಹಾಗಾಗಿ ಒಳಗೆ ಬಿಸಿ ಉಪಯೋಗಿಸುವುದನ್ನೇ ನಾನು ಹೇಳುವುದಿಲ್ಲ. ಹೊಳಪಿಲ್ಲದ ಇಂಟೀರಿಯರ್ ಡ್ರೆಸ್ಸಿಂಗ್ ಸಾಕು. ಡ್ಯಾಶ್‌ಬೋರ್ಡಿಗೆ ಹೊಳೆಯುವಂಥದ್ದು ಹಚ್ಚಿದರೆ ಮುಂದಿನ ಗಾಜಿನಲ್ಲಿ ಅದರ ಪ್ರತಿಬಿಂಬ ಬಿದ್ದು ರಸ್ತೆ ಕಾಣಿಸುವುದು ಕಷ್ಟವಾಗುತ್ತದೆ.

ಬದಲಿಸುವುದೇ ಸರಿಯಾದಾಗ

ಪಟ್ಟಿ ಬಿರುಕು ಬಿಟ್ಟಿದ್ದರೆ, ಹಿಂದಿನ ಹಿಡಿಕೆಗಳು ಮುರಿದು ಅಲುಗಾಡುತ್ತಿದ್ದರೆ, ಅಥವಾ ಹಿಂದೆ ಯಾರೋ ಉಜ್ಜಿ ತರಿಯನ್ನೆಲ್ಲ ತೆಗೆದಿದ್ದರೆ ಗೀರಿನ ಹಿಂದೆ ಬೀಳಬೇಡಿ. ಪಟ್ಟಿಯನ್ನೇ ಬದಲಿಸಿ. ಅದರಲ್ಲೂ ಸಡಿಲವಾಗಿ ನೇತಾಡುವ ಚಕ್ರದ ಕಮಾನು ಓಡುವಾಗ ಕಿತ್ತು ಬಂದರೆ ಅಪಾಯ. ಹೆಚ್ಚಿನ ಪಟ್ಟಿಗಳು ಪ್ಲಾಸ್ಟಿಕ್ ಕ್ಲಿಪ್ ಮತ್ತು ಕೆಲವು ಸ್ಕ್ರೂಗಳ ಮೇಲೆ ನಿಂತಿರುತ್ತವೆ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಬಾಡಿಯ ಪೇಂಟ್ ಎದ್ದು ಬರುತ್ತದೆ. ಪ್ಲಾಸ್ಟಿಕ್ಕಿನ ಟ್ರಿಮ್ ಟೂಲ್ ಸಿಗುತ್ತದೆ, ಅದನ್ನು ಕ್ಲಿಪ್ಪಿನ ಪಕ್ಕಕ್ಕೇ ಇಟ್ಟು ಎಬ್ಬಿಸಿ. ಹಳೆಯ ಕ್ಲಿಪ್ಪುಗಳು ತೆಗೆಯುವಾಗ ಮುರಿಯುವುದು ಮಾಮೂಲಿ, ಹೊಸ ಪಟ್ಟಿಯ ಜೊತೆಗೇ ಕ್ಲಿಪ್ಪನ್ನೂ ತರಿಸಿ. ಹಿಂಬದಿಯಲ್ಲಿ ಅಚ್ಚಾಗಿರುವ ಪಾರ್ಟ್ ನಂಬರ್ ಬರೆದುಕೊಂಡು ಹೋದರೆ ಎಡ ಬಲ ಅದಲುಬದಲಾಗುವುದಿಲ್ಲ.

ಹೊಸ ಪಟ್ಟಿಗೆ ಕೋಟಿಂಗ್ ಹಾಕುವ ಆಸೆಯಿದ್ದರೆ ಮೊದಲು ಶಾಂಪೂವಿನಲ್ಲಿ ತೊಳೆದು, ಆಲ್ಕೋಹಾಲ್‌ನಲ್ಲಿ ಒರೆಸಿ. ಅಚ್ಚಿನಿಂದ ಸಲೀಸಾಗಿ ಬಿಡಲಿ ಅಂತ ಕಾರ್ಖಾನೆಯಲ್ಲಿ ಬಳಸಿದ ಜಿಡ್ಡು ಹೊಸ ಪಟ್ಟಿಯ ಮೇಲೆ ಉಳಿದಿರಬಹುದು. ಅದು ಇದ್ದರೆ ಕೋಟಿಂಗ್ ಹಿಡಿಯುವುದಿಲ್ಲ. ಈ ಕೆಲಸವನ್ನು ಪಟ್ಟಿ ಗಾಡಿಗೆ ಕೂರುವ ಮೊದಲೇ ಮುಗಿಸಿಕೊಂಡರೆ ಅಂಚು, ಮೂಲೆಗಳಿಗೂ ಕೈ ಸಲೀಸಾಗಿ ಹೋಗುತ್ತದೆ.